ಸುಪೀರಿಯರ್ ಕೋರ್ಟ್ ಯಾರದ್ದು? ಒಂಟಾರಿಯೊವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಊರಲ್ಲಿ ಎಲ್‌ಎಲ್‌ಬಿ ಮುಗಿಸಿ ಕೆನಡಾಕ್ಕೆ ಬಂದು, ಇಲ್ಲಿ ವಕೀಲಿಕೆ ಮಾಡಲು ಮತ್ತೆ ಎನ್‌ಸಿಎ ಪರೀಕ್ಷೆಗೆ (ಹೊರದೇಶದಲ್ಲಿ ಕಾನೂನು ಓದಿದವರಿಗೆ ಇಲ್ಲಿರುವ ಪರೀಕ್ಷೆ) ಓದುತ್ತಿರುವವರಿಗೆ ಈ ಟಿಪ್ಪಣಿ. ನಾನೂ ಅದಕ್ಕೇ ಓದುತ್ತಿದ್ದೇನೆ. ಸಂವಿಧಾನದ ಪತ್ರಿಕೆಯಲ್ಲಿ ನಮಗೆ ಗೊಂದಲ ಆಗುವ ಜಾಗ ಪ್ರಾಂತ್ಯದ ಸುಪೀರಿಯರ್ ಕೋರ್ಟ್. ಹೆಸರು ಕೇಳಿದ ಕೂಡಲೇ ತಲೆಗೆ ಬರುವುದು ನಮ್ಮ ಹೈಕೋರ್ಟ್, ಅಲ್ವಾ? ಅದು ಅರ್ಧ ಮಾತ್ರ ಸರಿ.

ನಮ್ಮ ಹೈಕೋರ್ಟ್‌ನಲ್ಲಿ ಜಾಸ್ತಿ ನಡೆಯುವುದು ರಿಟ್ ಮತ್ತು ಮೇಲ್ಮನವಿ. ಒಂಟಾರಿಯೊದ ಸುಪೀರಿಯರ್ ಕೋರ್ಟ್ ಆಫ್ ಜಸ್ಟಿಸ್ ಮುಖ್ಯವಾಗಿ ವಿಚಾರಣೆಯ ಕೋರ್ಟ್. ಸಾಕ್ಷಿ ಕಟಕಟೆ ಹತ್ತುವುದು, ಪಾಟೀಸವಾಲು ನಡೆಯುವುದು, ಜ್ಯೂರಿ ಕೂರುವುದು ಎಲ್ಲ ಇಲ್ಲೇ. ಕೊಲೆ ಮೊಕದ್ದಮೆಯ ವಿಚಾರಣೆ ನಡೆಯುವುದು ಇಲ್ಲಿಯೇ, ಸಾಮಾನ್ಯವಾಗಿ 12 ಜನರ ಜ್ಯೂರಿ ಎದುರು. ಕೊಲೆ ಆರೋಪಿಗೆ ಜಾಮೀನು ಕೊಡುವ ಅಧಿಕಾರವೂ ಈ ಕೋರ್ಟಿನ ನ್ಯಾಯಮೂರ್ತಿಗೇ ಇರುವುದು. ಕೆಲಸ ನೋಡಿದರೆ ನಮ್ಮ ಸೆಷನ್ಸ್ ಕೋರ್ಟ್, ಸಿವಿಲ್ ಕೋರ್ಟ್, ಕುಟುಂಬ ನ್ಯಾಯಾಲಯ ಮೂರೂ ಸೇರಿದ ಹಾಗೆ. ಸ್ಥಾನ ನೋಡಿದರೆ ಹೈಕೋರ್ಟ್. ಕನ್ನಡದಲ್ಲಿ ನಾವು ಕೆಳಗಿನ ಕೋರ್ಟಿನವರನ್ನು ನ್ಯಾಯಾಧೀಶರು ಅಂತಲೂ ಹೈಕೋರ್ಟಿನವರನ್ನು ನ್ಯಾಯಮೂರ್ತಿ ಅಂತಲೂ ಕರೆಯುತ್ತೇವೆ. ಇಲ್ಲಿ ಸಾಕ್ಷ್ಯ ಬರೆದುಕೊಳ್ಳುವವರೇ ನ್ಯಾಯಮೂರ್ತಿಗಳು. ಇಷ್ಟು ಮನಸ್ಸಿಗೆ ಬಂದರೆ ಮುಂದಿನದು ಸುಲಭ.

ಹೆಸರುಗಳ ಬಗ್ಗೆ ಎಚ್ಚರ. ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್ ಅನ್ನುವುದು ಬೇರೆ, ಅದು ಕೆಳಗಿನ ಕೋರ್ಟ್. ಅಲ್ಲಿ ಕೂರುವವರನ್ನು ಪ್ರಾಂತ್ಯವೇ ನೇಮಿಸುತ್ತದೆ. ಬಹುಪಾಲು ಕ್ರಿಮಿನಲ್ ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಬ್ರಿಟಿಷ್ ಕೊಲಂಬಿಯಾ, ನೋವಾ ಸ್ಕೋಷಿಯಾದಂಥ ಕಡೆ ಸುಪೀರಿಯರ್ ಕೋರ್ಟಿಗೆ ಸುಪ್ರೀಂ ಕೋರ್ಟ್ ಅನ್ನುವ ಹೆಸರಿದೆ. ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಅದು ಕೋರ್ಟ್ ಆಫ್ ಕಿಂಗ್ಸ್ ಬೆಂಚ್. 2022ರ ಸೆಪ್ಟೆಂಬರ್‌ನಲ್ಲಿ ರಾಣಿ ಎಲಿಜಬೆತ್ ತೀರಿಕೊಳ್ಳುವವರೆಗೆ ಅದು ಕ್ವೀನ್ಸ್ ಬೆಂಚ್ ಆಗಿತ್ತು. ಹಳೇ ತೀರ್ಪು ಓದುವಾಗ ಬೇರೆ ಕೋರ್ಟ್ ಅಂದುಕೊಳ್ಳಬೇಡಿ.

ಈಗ ಮುಖ್ಯ ಪ್ರಶ್ನೆ. ಈ ಕೋರ್ಟ್ ಯಾರದ್ದು? 1867ರ ಸಂವಿಧಾನ ಕಾಯ್ದೆ ಇದನ್ನು ಇಬ್ಬರ ಕೈಗೆ ಹಂಚಿದೆ. 92(14)ನೇ ಸೆಕ್ಷನ್ ಪ್ರಕಾರ ಕೋರ್ಟನ್ನು ಕಟ್ಟುವುದು, ನಡೆಸುವುದು, ಸಿವಿಲ್ ದಾವೆಯ ನಿಯಮ ಮಾಡುವುದು ಪ್ರಾಂತ್ಯದ ಕೆಲಸ. ಕಟ್ಟಡ, ಗುಮಾಸ್ತರು, ಕಡತ ಎಲ್ಲ ಪ್ರಾಂತ್ಯದ ಖರ್ಚು. ಆದರೆ 96ನೇ ಸೆಕ್ಷನ್ ಪ್ರಕಾರ ನ್ಯಾಯಮೂರ್ತಿಗಳ ನೇಮಕ ಗವರ್ನರ್ ಜನರಲ್ ಹೆಸರಿನಲ್ಲಿ ಆಗುತ್ತದೆ. ಅಂದರೆ ನಿಜವಾಗಿ ಆರಿಸುವುದು ಒಟ್ಟಾವಾದ ಕೇಂದ್ರ ಸರ್ಕಾರ. 100ನೇ ಸೆಕ್ಷನ್ ಪ್ರಕಾರ ಸಂಬಳ ಗೊತ್ತುಮಾಡಿ ಕೊಡುವುದು ಕೇಂದ್ರ ಸಂಸತ್ತು. ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ರಾಷ್ಟ್ರಪತಿ ನೇಮಿಸಿದರೂ ಸಂಬಳ ಬರುವುದು ರಾಜ್ಯದ ಸಂಚಿತ ನಿಧಿಯಿಂದ. ಇಲ್ಲಿ ಹಾಗಲ್ಲ. ಪರೀಕ್ಷೆಯಲ್ಲಿ ಇದನ್ನು ಅದಲು ಬದಲು ಮಾಡಬೇಡಿ.

ನೇಮಕಕ್ಕೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿರಬೇಕು. ನಿವೃತ್ತಿ 75ಕ್ಕೆ. ನಡುವೆ ತೆಗೆದುಹಾಕಬೇಕೆಂದರೆ ಸೆನೆಟ್ ಮತ್ತು ಹೌಸ್ ಆಫ್ ಕಾಮನ್ಸ್ ಎರಡೂ ಕೇಳಬೇಕು ಎಂದು 99ನೇ ಸೆಕ್ಷನ್ ಹೇಳುತ್ತದೆ. ಪ್ರಾಂತ್ಯದ ಸರ್ಕಾರವೇ ಕಕ್ಷಿದಾರನಾಗಿ ಎದುರು ನಿಂತಾಗ, ತೀರ್ಪು ಹೇಳುವವರ ಕೆಲಸವಾಗಲಿ ಸಂಬಳವಾಗಲಿ ಆ ಸರ್ಕಾರದ ಕೈಯಲ್ಲಿ ಇರಬಾರದು. ಈ ಏರ್ಪಾಡಿನ ಜೀವ ಇದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಅಧಿಕಾರದ ವಿಷಯಕ್ಕೆ ಬರೋಣ. ಸುಪೀರಿಯರ್ ಕೋರ್ಟಿನ ಅಧಿಕಾರ ಅಂತರ್ಗತವಾದದ್ದು. ಯಾವುದೋ ಕಾಯ್ದೆ ಕೊಟ್ಟಿದ್ದರಿಂದ ಬಂದದ್ದಲ್ಲ, ಇಂಗ್ಲೆಂಡಿನ ಹಳೇ ರಾಜ ನ್ಯಾಯಾಲಯಗಳಿಂದ ಇಳಿದು ಬಂದದ್ದು. ಕಾನೂನು ಸ್ಪಷ್ಟವಾಗಿ ಬೇರೆ ಕಡೆಗೆ ಕೊಡದ ಯಾವ ವ್ಯಾಜ್ಯವನ್ನಾದರೂ ಅದು ಕೇಳಬಹುದು. ಫೆಡರಲ್ ಕೋರ್ಟ್ ಹಾಗಲ್ಲ. ಅದು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು, ಕೊಟ್ಟಷ್ಟೇ ಅಧಿಕಾರ. ವೀಸಾ ತಿರಸ್ಕಾರವಾದರೆ ನಮ್ಮವರು ಹೋಗುವುದು ಆ ಕೋರ್ಟಿಗೆ. ವಿಚ್ಛೇದನ ಬೇಕಾದರೆ ಸುಪೀರಿಯರ್ ಕೋರ್ಟಿಗೇ ಬರಬೇಕು. ವಿಚ್ಛೇದನದ ಕಾಯ್ದೆ ಕೇಂದ್ರದ್ದು, ಕ್ರಿಮಿನಲ್ ಕಾನೂನೂ ಕೇಂದ್ರದ್ದು, ಆಸ್ತಿ ಮತ್ತು ಕರಾರಿನ ಕಾನೂನು ಪ್ರಾಂತ್ಯದ್ದು. ಎಲ್ಲವನ್ನೂ ಇದೇ ಕೋರ್ಟ್ ನೋಡುತ್ತದೆ.

ಹಾಗಾದರೆ ಈ ಅಧಿಕಾರವನ್ನು ಶಾಸನ ಮಾಡಿ ಕಿತ್ತುಕೊಳ್ಳಬಹುದೇ? ಮೂರು ತೀರ್ಪು ನೆನಪಿಡಿ. ಮೊದಲನೆಯದು 1995ರ ಮ್ಯಾಕ್‌ಮಿಲನ್ ಬ್ಲೋಡೆಲ್. ವ್ಯಾಂಕೂವರ್ ದ್ವೀಪದ ಕ್ಲೇಕ್ವಟ್ ಸೌಂಡ್‌ನಲ್ಲಿ ಮರ ಕಡಿಯುವುದರ ವಿರುದ್ಧ ಪ್ರತಿಭಟನೆ ನಡೆದಿತ್ತು. ಕೋರ್ಟಿನ ತಡೆಯಾಜ್ಞೆ ಮೀರಿದ್ದಕ್ಕೆ ಒಬ್ಬ ಹುಡುಗನ ಮೇಲೆ ನ್ಯಾಯಾಂಗ ನಿಂದನೆ ಆರೋಪ ಬಂತು. ಕಾಯ್ದೆ ಪ್ರಕಾರ ಬಾಲಾಪರಾಧಿಗಳ ವಿಚಾರಣೆ ಯೂತ್ ಕೋರ್ಟಿನದು ಮಾತ್ರ. ಆದರೆ ತನ್ನ ಆಜ್ಞೆಯನ್ನು ಕಾಪಾಡಿಕೊಳ್ಳುವ ಶಕ್ತಿ ಸುಪೀರಿಯರ್ ಕೋರ್ಟಿನ ತಿರುಳು, ಅದನ್ನು ಸಂಸತ್ತೂ ಕಿತ್ತುಕೊಳ್ಳುವಂತಿಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ನಮ್ಮ 1997ರ ಎಲ್. ಚಂದ್ರಕುಮಾರ್ ತೀರ್ಪು ನೆನಪಾಯಿತೇ? ಹೈಕೋರ್ಟಿನ ಪರಿಶೀಲನಾ ಅಧಿಕಾರ ಸಂವಿಧಾನದ ಮೂಲ ರಚನೆಯ ಭಾಗ ಎಂದದ್ದು? ದಾರಿ ಬೇರೆ, ಆತಂಕ ಒಂದೇ.

ಎರಡನೆಯದು 2014ರದ್ದು, ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು. ಬ್ರಿಟಿಷ್ ಕೊಲಂಬಿಯಾದಲ್ಲಿ ವಿಚಾರಣೆ ನಡೆದ ದಿನಗಳಿಗೆ ಲೆಕ್ಕ ಹಾಕಿ ಕೋರ್ಟ್ ಶುಲ್ಕ ವಸೂಲಿ ಮಾಡುತ್ತಿದ್ದರು. ಮಗುವಿನ ಸುಪರ್ದಿಗಾಗಿ ಬಂದ ತಾಯಿಗೆ 10 ದಿನದ ವಿಚಾರಣೆಗೆ ಸುಮಾರು 3,600 ಡಾಲರ್ ಬಿಲ್ ಬಂತು. ಹೆಚ್ಚು ಕಡಿಮೆ ಆ ಮನೆಯ ಒಂದು ತಿಂಗಳ ಆದಾಯದಷ್ಟು. ಶುಲ್ಕ ಹಾಕಬಹುದು, ಆದರೆ ಜನ ಒಳಗೇ ಬರಲಾಗದಷ್ಟು ಹಾಕಿದರೆ ಅದು 96ನೇ ಸೆಕ್ಷನ್‌ಗೆ ವಿರುದ್ಧ ಎಂದು ಕೆನಡಾದ ಸುಪ್ರೀಂ ಕೋರ್ಟ್ ಆ ಶುಲ್ಕ ರದ್ದು ಮಾಡಿತು. ಗಮನಿಸಿ, ನೇಮಕದ ಬಗ್ಗೆ ಮಾತ್ರ ಮಾತಾಡುವ ಸೆಕ್ಷನ್ ಅದು. ಅದರಿಂದಲೇ ಬಡವರಿಗೂ ಬಾಗಿಲು ತೆರೆಯಿತು.

ಮೂರನೆಯದು 2021ರ ಕ್ವಿಬೆಕ್ ಪ್ರಕರಣ. 85,000 ಡಾಲರ್‌ಗಿಂತ ಕಡಿಮೆ ಮೊತ್ತದ ಸಿವಿಲ್ ದಾವೆಗಳನ್ನು ಪ್ರಾಂತ್ಯ ತನ್ನದೇ ಕೋರ್ಟಿಗೆ ಮಾತ್ರ ಕೊಟ್ಟಿತ್ತು. ಮೊತ್ತ ಅತಿಯಾಯಿತು, ಹೀಗೆ ಬಿಟ್ಟರೆ ಸುಪೀರಿಯರ್ ಕೋರ್ಟ್ ಬಡಕಲಾಗುತ್ತದೆ ಎಂಬುದು ತೀರ್ಪಿನ ಸಾರ.

ಒಂಟಾರಿಯೊದ ರಚನೆ ಚುಟುಕಾಗಿ ಹೇಳುತ್ತೇನೆ. ಹಳೇ ಹೈಕೋರ್ಟ್ ಮತ್ತು ಜಿಲ್ಲಾ ಕೋರ್ಟ್ 1990ರಲ್ಲಿ ಒಂದಾದವು. 1999ರಲ್ಲಿ ಈಗಿನ ಹೆಸರು ಬಂತು. ಮುಖ್ಯ ನ್ಯಾಯಮೂರ್ತಿ, ಅಸೋಸಿಯೇಟ್ ಮುಖ್ಯ ನ್ಯಾಯಮೂರ್ತಿ, 8 ವಲಯಗಳಿಗೆ ಒಬ್ಬೊಬ್ಬ ಹಿರಿಯ ನ್ಯಾಯಮೂರ್ತಿ. ಒಟ್ಟು 300ಕ್ಕೂ ಹೆಚ್ಚು ಜನ. ಒಳಗೇ ಮೂರು ಶಾಖೆಗಳಿವೆ. ಸಣ್ಣ ಮೊತ್ತದ ದಾವೆಗೆ ಸ್ಮಾಲ್ ಕ್ಲೇಮ್ಸ್ ಕೋರ್ಟ್, ಕೆಲವು ಊರುಗಳಲ್ಲಿ ಫ್ಯಾಮಿಲಿ ಕೋರ್ಟ್, ಇನ್ನೊಂದು ಡಿವಿಷನಲ್ ಕೋರ್ಟ್. ಡಿವಿಷನಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಮೂವರು ಕೂತು ಮಂಡಳಿಗಳ, ಟ್ರಿಬ್ಯುನಲ್‌ಗಳ ತೀರ್ಮಾನ ಪರಿಶೀಲಿಸುತ್ತಾರೆ. ಇಡೀ ಸುಪೀರಿಯರ್ ಕೋರ್ಟಿನ ಮೇಲೆ ಒಂಟಾರಿಯೊ ಕೋರ್ಟ್ ಆಫ್ ಅಪೀಲ್, ಅದರ ಮೇಲೆ ಕೆನಡಾದ ಸುಪ್ರೀಂ ಕೋರ್ಟ್.

ಕೋರ್ಟಿನ ಅಧಿಕಾರವನ್ನು ಟ್ರಿಬ್ಯುನಲ್‌ಗೆ ಕೊಡಬಹುದೇ ಎಂದು ಸಮಸ್ಯೆಯ ರೂಪದ ಪ್ರಶ್ನೆ ಬಂದರೆ 1981ರ ಒಂಟಾರಿಯೊ ಬಾಡಿಗೆದಾರರ ಪ್ರಕರಣದ ಮೂರು ಪ್ರಶ್ನೆ ಕೇಳಿ. ಈ ಅಧಿಕಾರ 1867ರಲ್ಲಿ ಸುಪೀರಿಯರ್, ಜಿಲ್ಲಾ ಅಥವಾ ಕೌಂಟಿ ಕೋರ್ಟುಗಳ ಕೈಯಲ್ಲೇ ಇತ್ತೇ? ಅದು ನ್ಯಾಯ ತೀರ್ಮಾನದ ಕೆಲಸವೇ? ಹೊಸ ಸಂಸ್ಥೆಯ ಒಟ್ಟು ಉದ್ದೇಶದೊಳಗೆ ಸೇರಿ ಅದರ ಗುಣ ಬದಲಾಗಿದೆಯೇ? ಅವತ್ತು ಬಾಡಿಗೆದಾರರನ್ನು ಮನೆಯಿಂದ ಬಿಡಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟದ್ದು ಬಿದ್ದುಹೋಯಿತು. 1996ರಲ್ಲಿ ನೋವಾ ಸ್ಕೋಷಿಯಾದ ಅಂಥದೇ ಏರ್ಪಾಡು ಉಳಿಯಿತು. ಇವತ್ತು ಬ್ರಾಂಪ್ಟನ್‌ನಲ್ಲೋ ಮಿಸಿಸಾಗಾದಲ್ಲೋ ಬಾಡಿಗೆ ಜಗಳವಾದರೆ ಮೊದಲು ಹೋಗುವುದು ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಬೋರ್ಡಿಗೆ. ಅಲ್ಲಿ ಕಾನೂನಿನ ತಪ್ಪಾಗಿದ್ದರೆ ಮೇಲ್ಮನವಿ ಬರುವುದು ಡಿವಿಷನಲ್ ಕೋರ್ಟಿಗೆ.