ಬೇರಿನ ಪುಡಿ, ಚಿಗುರಿನ ಮುಲಾಮು: ಮನೆಗಿಡಗಳಿಗೆ ಬಳಸುವ ಹಾರ್ಮೋನುಗಳ ಕುರಿತು ಅಧ್ಯಯನ ಟಿಪ್ಪಣಿ

ಆರಿದ್ರಾ ಮಳೆ ಹಿಡಿದ ಮೇಲೆ ದಾಸವಾಳದ ಕಡ್ಡಿಯೊಂದನ್ನು ಬೇಲಿಯ ಬುಡದಲ್ಲಿ ಚುಚ್ಚಿ ಮರೆತುಬಿಟ್ಟರೂ ಅದು ತಾನಾಗಿ ಚಿಗುರುವ ಊರು ನಮ್ಮದು. ಹೀಗಿರುವಾಗ ಬೇರು ಬರಿಸುವ ಪುಡಿಗೆ ದುಡ್ಡು ಕೊಡುವ ದರ್ದು ಏನಿದೆ ಎಂದು, ನಾನು ಈ ವಿಷಯವನ್ನು ಓದಲು ತೊಡಗಿದಾಗ, ಮನೆಯ ಹಿರಿಯರೇ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಹುಡುಕುತ್ತ ಬರೆದುಕೊಂಡ ಟಿಪ್ಪಣಿಗಳನ್ನು ನನ್ನಂತೆಯೇ ಕಲಿಯುತ್ತಿರುವವರಿಗಾಗಿ ಇಲ್ಲಿ ಒಪ್ಪಗೊಳಿಸಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಅಂಗಡಿಯಲ್ಲಿ ‘ಬೆಳವಣಿಗೆಯ ಟಾನಿಕ್’ ಎಂದು ಸಿಗುವ ಸೀಸೆಗಳಲ್ಲಿ ಕೆಲವು ಗೊಬ್ಬರ, ಕೆಲವು ಹಾರ್ಮೋನು, ಇನ್ನು ಕೆಲವು ಎರಡರ ಬೆರಕೆ. ಗೊಬ್ಬರವು ಗಿಡಕ್ಕೆ ಆಹಾರದ ಸಾಮಗ್ರಿಯಾದರೆ ಹಾರ್ಮೋನು ಗಿಡಕ್ಕೆ ಕೊಡುವ ಅಪ್ಪಣೆ. ‘ಇಲ್ಲಿ ಬೇರು ಬಿಡು’, ‘ಇಲ್ಲಿ ಕುಡಿ ಒಡೆ’, ‘ಕಾಂಡವನ್ನು ಉದ್ದ ಮಾಡು’ ಎಂಬ ಅಪ್ಪಣೆಗಳನ್ನು ಬೇರೆ ಬೇರೆ ಹಾರ್ಮೋನುಗಳು ಕೊಡುತ್ತವೆ, ಅವುಗಳಲ್ಲಿ ಕೆಲವು ಒಂದಕ್ಕೊಂದು ವಿರುದ್ಧವೂ ಆಗಿರುತ್ತವೆ. ಆದ್ದರಿಂದ ಯಾವ ಹಾರ್ಮೋನು, ಶೇಕಡಾ ಎಷ್ಟು ಎಂಬ ಎರಡು ವಿವರಗಳು ಚೀಟಿಯ ಮೇಲೆ ಇಲ್ಲದಿದ್ದರೆ ಅದನ್ನು ಕೊಳ್ಳಬಾರದು. ಈ ಬುದ್ಧಿ ನನಗೆ ಬಂದದ್ದು ‘ರೂಟ್ ಪೌಡರ್’ ಎಂದಷ್ಟೇ ಬರೆದಿದ್ದ ಒಂದು ಡಬ್ಬಿಯನ್ನು ಪೇಟೆಯಲ್ಲಿ ಕೊಂಡು, ಅದರಿಂದ ಏನೂ ಆಗದೆ, ಒಂದು ಮಳೆಗಾಲ ಕಳೆದ ಮೇಲೆ.

ಆಕ್ಸಿನ್: ಬೇರಿನ ಅಪ್ಪಣೆ

ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೊಪ್ಪಿ ಹಾಕಿದರೆ ಅದು ಬೆಳಕಿನ ಕಡೆ ಬಾಗುವುದಿಲ್ಲ ಎಂಬುದು ಕಂಡುಬಂತು. ಬಾಗುವುದು ತುದಿಯ ಕೆಳಗಿನ ಭಾಗವಾದರೂ ಬಾಗೆಂಬ ಸೂಚನೆ ಹೊರಡುವುದು ತುದಿಯಿಂದ ಎಂಬುದು ಇದರ ಅರ್ಥ. ಆ ಸೂಚನೆ ಆಕ್ಸಿನ್ ಎಂಬ ಒಂದು ರಾಸಾಯನಿಕವೆಂಬುದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ಓಟ್ಸ್ ಮೊಳಕೆಯ ತುದಿಗಳನ್ನು ಅಗರ್ ಎಂಬ ಗಟ್ಟಿ ಲೋಳೆಯ ತುಣುಕುಗಳ ಮೇಲಿಟ್ಟು, ಆ ತುಣುಕುಗಳನ್ನೇ ತುದಿ ಕತ್ತರಿಸಿದ ಮೊಳಕೆಗೆ ತಾಗಿಸಿ ತೋರಿಸಿಕೊಟ್ಟರು. ಅದರ ರಾಸಾಯನಿಕ ಗುರುತು, ಅಂದರೆ ಇಂಡೋಲ್ ಅಸಿಟಿಕ್ ಆಮ್ಲ, ಪತ್ತೆಯಾದದ್ದು 1934ರಲ್ಲಿ, ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ಕೋಗ್ಲ್ ಮತ್ತು ಸಂಗಡಿಗರಿಂದ. ಅವರು ಅದನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. (ಗಂಜಲದ ಮಹಿಮೆಯನ್ನು ಕೊಂಡಾಡುವ ನಮ್ಮ ಕಡೆಯವರು ಇದನ್ನು ಕೇಳಿದರೆ ಹಿಗ್ಗಬಹುದು, ಆದರೆ ಇದನ್ನೇ ನೆಪ ಮಾಡಿಕೊಂಡು ಕುಂಡಕ್ಕೆ ಗಂಜಲ ಸುರಿದರೆ ಅದರ ಉಪ್ಪಿನಂಶಕ್ಕೆ ಎಳೆ ಬೇರು ಸುಡುತ್ತದೆ.)

ಆಕ್ಸಿನ್ ಹುಟ್ಟುವುದು ಮುಖ್ಯವಾಗಿ ಕುಡಿಯಲ್ಲಿ ಮತ್ತು ಎಳೆಯ ಎಲೆಗಳಲ್ಲಿ. ಅಲ್ಲಿಂದ ಅದು ಕಾಂಡದ ಉದ್ದಕ್ಕೂ ಕೆಳಮುಖವಾಗಿ ಸಾಗುತ್ತದೆ. ಕಾಂಡವನ್ನು ಕತ್ತರಿಸಿದಾಗ ಮುಂದೆ ಹೋಗಲು ದಾರಿಯಿಲ್ಲದೆ ಕತ್ತರಿಸಿದ ಬುಡದಲ್ಲಿ ಅದು ಒಟ್ಟುಗೂಡುತ್ತದೆ, ಮತ್ತು ಆ ಒಟ್ಟುಗೂಡುವಿಕೆಯೇ ಅಲ್ಲಿನ ಜೀವಕೋಶಗಳಿಗೆ ಆಗಂತುಕ ಬೇರುಗಳನ್ನು, ಅಂದರೆ ಬೇರಲ್ಲದ ಭಾಗದಿಂದ ಹೊರಡುವ ಬೇರುಗಳನ್ನು, ಹುಟ್ಟಿಸಲು ಸೂಚನೆಯಾಗುತ್ತದೆ. ಇಷ್ಟು ತಿಳಿದರೆ ಹಿತ್ತಿಲಿನ ಎಷ್ಟೋ ರೂಢಿಗಳಿಗೆ ಕಾರಣ ಸಿಗುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ನೆಡಬಾರದು, ಏಕೆಂದರೆ ಆಕ್ಸಿನ್ ಸಾಗುವ ದಿಕ್ಕು ಕಡ್ಡಿಯೊಳಗೇ ನಿಶ್ಚಯವಾಗಿರುತ್ತದೆ. ಎಲೆಗಳನ್ನೆಲ್ಲ ಬೋಳಿಸದೆ ಒಂದೆರಡು ಉಳಿಸುತ್ತೇವೆ, ಏಕೆಂದರೆ ಬೇರಿಗೆ ಬೇಕಾದ ಸಕ್ಕರೆಯೂ ಆಕ್ಸಿನ್ನೂ ಅಲ್ಲಿಂದಲೇ ಬರಬೇಕು. ಮನಿ ಪ್ಲಾಂಟಿನ ಬಳ್ಳಿಯ ತುದಿ ಚಿವುಟಿದರೆ ಬದಿಯ ಕಣ್ಣುಗಳು ಒಡೆಯುತ್ತವೆ, ಏಕೆಂದರೆ ಅವುಗಳನ್ನು ತಡೆದು ಹಿಡಿದಿದ್ದ ತುದಿಯ ಆಕ್ಸಿನ್ ನಿಂತುಹೋಗಿರುತ್ತದೆ.

ಹಿರಿಯರ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಸಾದಾ ದಾಸವಾಳ, ಕೋಲಿಯಸ್, ಮನಿ ಪ್ಲಾಂಟ್ ಮುಂತಾದವುಗಳಲ್ಲಿ ಬೇರಿಗೆ ಬೇಕಾದಷ್ಟು ಆಕ್ಸಿನ್ ತಾನಾಗಿಯೇ ಇರುತ್ತದೆ, ಮನಿ ಪ್ಲಾಂಟಿನ ಗೆಣ್ಣಿನಲ್ಲಂತೂ ಬೇರಿನ ಮೊಳಕೆ ಮೊದಲೇ ಕಣ್ಣಿಗೆ ಕಾಣುತ್ತದೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಗೆಣ್ಣುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಗಿಡಗಳಿಗೆ ಪುಡಿ ಹಚ್ಚುವುದು ದುಂದು. ರಬ್ಬರ್ ಗಿಡ, ಕ್ರೋಟನ್, ಬಲಿತ ಬೊಗನ್‌ವಿಲ್ಲಾ, ಹೈಬ್ರಿಡ್ ದಾಸವಾಳ, ಕೆಲವು ಗುಲಾಬಿ ಮುಂತಾದ ಗಟ್ಟಿ ಕಾಂಡದವುಗಳಲ್ಲಿ ಹೊರಗಿನಿಂದ ಕೊಟ್ಟ ಆಕ್ಸಿನ್ ನಿಜವಾಗಿ ಉಪಕಾರ ಮಾಡುತ್ತದೆ: ಬೇಗ ಬೇರು ಬರುತ್ತದೆ, ಹೆಚ್ಚು ಸಂಖ್ಯೆಯಲ್ಲಿ ಬರುತ್ತದೆ, ಸುತ್ತಲೂ ಸಮವಾಗಿ ಬರುತ್ತದೆ. ಆದರೆ ಬೇರು ಬಿಡುವ ಶಕ್ತಿಯೇ ಇಲ್ಲದ ತುಂಡಿಗೆ ಯಾವ ಹಾರ್ಮೋನೂ ಆ ಶಕ್ತಿಯನ್ನು ತಂದುಕೊಡುವುದಿಲ್ಲ. ಅಡಿಕೆಯ ಕಾಂಡವನ್ನು ಕಡಿದು ಪುಡಿಯಲ್ಲಿ ಹೊರಳಿಸಿದರೂ ಅದು ದಬ್ಬೆಯಾಗುತ್ತದೆಯೇ ಹೊರತು ಸಸಿಯಾಗುವುದಿಲ್ಲ. ಗೆಣ್ಣಿಲ್ಲದ ಮನಿ ಪ್ಲಾಂಟಿನ ಬರಿಯ ಎಲೆ ಬೇರು ಬಿಟ್ಟೀತು. ಕುಡಿ ಮಾತ್ರ ಬರುವುದಿಲ್ಲ.

ಅಂಗಡಿಯ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಐಬಿಎ, ಅಂದರೆ ಇಂಡೋಲ್ ಬ್ಯುಟೈರಿಕ್ ಆಮ್ಲ. ಕೆಲವೊಮ್ಮೆ ಎನ್‌ಎಎ, ಅಂದರೆ ನ್ಯಾಫ್ತಲಿನ್ ಅಸಿಟಿಕ್ ಆಮ್ಲ. ಗಿಡದೊಳಗಿನ ಇಂಡೋಲ್ ಅಸಿಟಿಕ್ ಆಮ್ಲವನ್ನೇ ನೇರವಾಗಿ ಮಾರದಿರಲು ಕಾರಣ, ಅದು ಬೆಳಕಿಗೂ ಗಿಡದ ಕಿಣ್ವಗಳಿಗೂ ಬೇಗ ಹಾಳಾಗುತ್ತದೆ. ಐಬಿಎ ಹೆಚ್ಚು ಕಾಲ ಉಳಿದು, ಅಂಗಾಂಶದೊಳಗೆ ನಿಧಾನವಾಗಿ ಅದೇ ಆಮ್ಲವಾಗಿ ಮಾರ್ಪಡುತ್ತದೆ.

ಪ್ರಮಾಣದ ಲೆಕ್ಕ

ಕಲಿಯುವವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಒಂದು ಲೀಟರಿಗೆ 1 ಗ್ರಾಂ ಕರಗಿಸಿದರೆ 1000 ಪಿಪಿಎಂ, ಶೇಕಡಾ ಲೆಕ್ಕದಲ್ಲಿ 0.1. ಪುಡಿಗಳಲ್ಲಿ ಎಳೆಯ, ಮೆದು ಕಾಂಡಕ್ಕೆ ಶೇ. 0.1, ಅರೆಬಲಿತದ್ದಕ್ಕೆ ಶೇ. 0.3, ಗಟ್ಟಿ ಕಾಂಡಕ್ಕೆ ಶೇ. 0.8 ಎಂಬುದು ಬಹುಕಾಲದಿಂದ ಬಂದ ವಾಡಿಕೆ. ಮೆಣಸಿನ ಹಬ್ಬುಬಳ್ಳಿಯ ತುಂಡುಗಳನ್ನು ನರ್ಸರಿಗಳಲ್ಲಿ 1000 ಪಿಪಿಎಂ ಐಬಿಎ ದ್ರಾವಣದಲ್ಲಿ ಅದ್ದಿ ನೆಡುವ ಪದ್ಧತಿ ಇದೆ. ಹೆಚ್ಚಿನ ಮನೆಗಿಡಗಳಿಗೂ ಅದೇ ಅಂಕಿಯಿಂದ ಆರಂಭಿಸಬಹುದು.

ದ್ರಾವಣವನ್ನು ನಾವೇ ಮಾಡಿಕೊಳ್ಳುವುದಾದರೆ 100 ಮಿಲಿಗ್ರಾಂ ಐಬಿಎಯನ್ನು 50 ಮಿ.ಲೀ. ಸ್ಪಿರಿಟ್‌ನಲ್ಲಿ ಮೊದಲು ಪೂರ್ತಿ ಕರಗಿಸಿ, ಅನಂತರ ಶುದ್ಧ ನೀರನ್ನು ನಿಧಾನವಾಗಿ ಸೇರಿಸುತ್ತ 100 ಮಿ.ಲೀ. ಮಾಡಬೇಕು. ಐಬಿಎ ನೇರವಾಗಿ ನೀರಿನಲ್ಲಿ ಕರಗುವುದಿಲ್ಲ. ಅದರ ಪೊಟ್ಯಾಸಿಯಂ ಲವಣ ಮಾತ್ರ ಕರಗುತ್ತದೆ. 100 ಮಿಲಿಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಸಾಲದು, ಅಕ್ಕಸಾಲಿಗರ ಕಡೆ ಹೋಗಬೇಕಾಗುತ್ತದೆ. ಅವರು ಈ ಪುಡಿ ಏನೆಂದು ಕೇಳಿದಾಗ ವಿವರಿಸುವುದೇ ಒಂದು ಪಾಠ ಮಾಡಿದಂತೆ. ಈ ದ್ರಾವಣದಲ್ಲಿ ಕಡ್ಡಿಯ ಬುಡವನ್ನು ಐದಾರು ಸೆಕೆಂಡು ಅದ್ದಿದರೆ ಸಾಕು.

ಹೂವು ಉದುರದಿರಲೆಂದು ತೋಟಗಳಿಗೆ ಸಿಂಪಡಿಸುವ ಎನ್‌ಎಎ ದ್ರಾವಣ ಹಲವರ ಮನೆಯಲ್ಲಿ ಇರುತ್ತದೆ. ಅದರ ಸಾಂದ್ರತೆ ಶೇ. 4.5, ಅಂದರೆ 45,000 ಪಿಪಿಎಂ. ಇದರಿಂದ 500 ಪಿಪಿಎಂ ಮಾಡಬೇಕಾದರೆ 1 ಮಿ.ಲೀ.ಗೆ ನೀರು ಸೇರಿಸಿ ಒಟ್ಟು 90 ಮಿ.ಲೀ. ಮಾಡಬೇಕು. ನಾನು ಮೊದಲ ಸಲ ಈ ಲೆಕ್ಕವನ್ನು ಮಾಡದೆ, ಸೀಸೆಯ ಮುಚ್ಚಳದಲ್ಲಿ ಸುರಿದು, ಹೈಬ್ರಿಡ್ ದಾಸವಾಳದ ಮೂರು ಕಡ್ಡಿಗಳನ್ನು ಹಾಗೆಯೇ ಅದ್ದಿದ್ದೆ. ವಾರದೊಳಗೆ ಎಲೆಗಳು ಹಳದಿಯಾಗಿ ಉದುರಿದವು. ಕಿತ್ತು ನೋಡಿದಾಗ ಬುಡ ಬೆರಳ ಗಂಟಿನಂತೆ ಊದಿ ಕಪ್ಪಾಗಿತ್ತು, ಬೇರಿನ ಸುಳಿವಿರಲಿಲ್ಲ. ಅದೇ ಗಿಡದ, 1000 ಪಿಪಿಎಂ ಪುಡಿ ಹಚ್ಚಿದ ಮೂರೂ ಕಡ್ಡಿಗಳು ಬೇರು ಬಿಟ್ಟವು. ಏನನ್ನೂ ಹಚ್ಚದ ಮೂರರಲ್ಲಿ ಎರಡು, ತುಸು ತಡವಾಗಿ, ಬಿಟ್ಟವು. ಒಂಬತ್ತು ಕಡ್ಡಿಗಳನ್ನು ಪ್ರಯೋಗವೆಂದು ಕರೆಯಲು ಬರುವುದಿಲ್ಲವಾದರೂ, ಹೆಚ್ಚಿನ ಆಕ್ಸಿನ್ ವಿಷವೆಂಬುದನ್ನು ನಾನು ಮತ್ತೆ ಮರೆಯಲಿಲ್ಲ. ಕಳೆನಾಶಕವಾಗಿ ಬಳಸುವ 2,4-ಡಿ ಕೂಡ ಒಂದು ಕೃತಕ ಆಕ್ಸಿನ್ ಎಂಬುದನ್ನು ನೆನಪಿಟ್ಟರೆ ಇದರಲ್ಲಿ ಆಶ್ಚರ್ಯವಿಲ್ಲ.

ಪುಡಿ ಹಚ್ಚುವ ಕ್ರಮವನ್ನು ಒಂದು ಕಡ್ಡಿಯ ಮೇಲೆಯೇ ಹೇಳುತ್ತೇನೆ. ಪೆನ್ಸಿಲ್ ದಪ್ಪದ, ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕೊಯ್ಯಬೇಕು. ಜಜ್ಜಿದ ಬುಡ ಕೊಳೆಯುತ್ತದೆ. ಮೇಲಿನ ಎರಡು ಎಲೆಗಳನ್ನು ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸಬೇಕು. ರಬ್ಬರ್ ಗಿಡವಾದರೆ ಸುರಿಯುವ ಹಾಲನ್ನು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಬೇಕು. ಬೇಕಾದಷ್ಟು ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಬೇಕು, ಡಬ್ಬಿಗೇ ಕಡ್ಡಿಯನ್ನು ಅದ್ದಬಾರದು. ಹಾಗೆ ಮಾಡಿದರೆ ತೇವವೂ ರೋಗವೂ ಡಬ್ಬಿಗೆ ಸೇರುತ್ತವೆ. ಬುಡದ ಒಂದು ಸೆಂಟಿಮೀಟರಿನಷ್ಟಕ್ಕೆ ಪುಡಿ ತಾಗಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಹೆಚ್ಚಿನದನ್ನು ಉದುರಿಸಬೇಕು. ಮಣ್ಣಿಗೆ ನೇರವಾಗಿ ಚುಚ್ಚಿದರೆ ಹಚ್ಚಿದ ಪುಡಿಯೆಲ್ಲ ತೂತಿನ ಬಾಯಲ್ಲೇ ಸವರಿ ಹೋಗುತ್ತದೆಯಾದ್ದರಿಂದ, ಮೊದಲು ಅಡಿಕೆ ದಬ್ಬೆಯ ಸೀಳಿನಿಂದ ಕುಳಿ ಮಾಡಿ, ಕಡ್ಡಿಯನ್ನು ಇಳಿಸಿ, ಸುತ್ತ ಒತ್ತಬೇಕು. ಪುಡಿಯಲ್ಲಿ ಶಿಲೀಂಧ್ರನಾಶಕವನ್ನೂ ಬೆರೆಸಿರುವುದುಂಟು. ಬರಿಗೈಯಲ್ಲಿ ಮುಟ್ಟುವುದೂ ಮೂಗಿಗೆ ಎಳೆದುಕೊಳ್ಳುವುದೂ ಸಲ್ಲ.

ಮಾಧ್ಯಮದ, ಅಂದರೆ ಕಡ್ಡಿ ನೆಡುವ ಮಿಶ್ರಣದ, ವಿಷಯದಲ್ಲಿ ಬಯಲುಸೀಮೆಯವರ ಸಲಹೆಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಾರದು. ಅವರಿಗೆ ತೇವ ಉಳಿಸುವ ಚಿಂತೆಯಾದರೆ, ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಕಡೆ ಜುಲೈನಲ್ಲಿ ತೇವವನ್ನು ಇಳಿಸುವುದೇ ಚಿಂತೆ. ಬರಿಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಲ್ಲಿ ತಿಂಗಳುಗಟ್ಟಲೆ ಹಿಂಡಿದರೆ ನೀರು ಬರುವಂತೆ ಇರುತ್ತದೆ. ಅದಕ್ಕೆ ಅರ್ಧದಷ್ಟು ಹೊಳೆಯ ಮರಳು, ಒಂದು ಹಿಡಿ ಸುಟ್ಟ ಭತ್ತದ ಹೊಟ್ಟು ಬೆರೆಸಿ, ಕುಂಡವನ್ನು ಎರಚಲು ಹೊಡೆಯದ ಜಗಲಿಯಲ್ಲಿ ಇಟ್ಟರೆ ಪ್ಲಾಸ್ಟಿಕ್ ಹೊದಿಕೆಯೂ ಬೇಕಾಗುವುದಿಲ್ಲ. ಗಾಳಿಯಲ್ಲಿಯೇ ಅಷ್ಟು ತೇವವಿದೆ. ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್‌ನಲ್ಲಿ ಇದೇ ಕೆಲಸ ಮಾಡುವವರಿಗೆ ಹೊದಿಕೆ ಬೇಕೇ ಬೇಕು. ಕಾಂಡ ತೀರ ಬಲಿತಿದ್ದರೆ ಕಡ್ಡಿಗಿಂತ ಗೂಟಿ ಕಟ್ಟುವುದು ಲೇಸು: ತಾಯಿಗಿಡದಲ್ಲೇ ತೊಗಟೆಯನ್ನು ಉಂಗುರದಂತೆ ಸುಲಿದು, ಮೇಲಂಚಿಗೆ ಐಬಿಎ ಸವರಿ, ಒದ್ದೆ ಹಾವಸೆಯಿಂದ ಸುತ್ತಿ ಕಟ್ಟುವುದು. ಮೇಲಂಚಿಗೇ ಏಕೆ ಎಂಬುದು ಆಕ್ಸಿನ್ ಕೆಳಮುಖವಾಗಿ ಸಾಗುತ್ತದೆಂಬುದನ್ನು ನೆನೆದರೆ ಹೊಳೆಯುತ್ತದೆ.

ಚಿಗುರು, ಹೂವು ಮತ್ತು ಉಳಿದವು

ಸೈಟೊಕೈನಿನ್‌ಗಳು ಕುಡಿ ಒಡೆಸುವ ಹಾರ್ಮೋನುಗಳು. 1950ರ ದಶಕದಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದ ಮೇಲೆ ತೋರಿಸಿದ್ದು ಇಷ್ಟು: ಆಕ್ಸಿನ್ ಹೆಚ್ಚಾಗಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಾಗಿದ್ದರೆ ಕುಡಿ, ಎರಡೂ ಮಧ್ಯಮವಾಗಿದ್ದರೆ ಆಕಾರವಿಲ್ಲದ ಗಡ್ಡೆ. ಆರ್ಕಿಡ್ ಬೆಳೆಸುವವರು ‘ಕೈಕಿ ಪೇಸ್ಟ್’ ಎನ್ನುವ ಮುಲಾಮಿನಲ್ಲಿ ಇರುವುದು ಬೆಂಜೈಲ್ ಅಮಿನೋ ಪ್ಯೂರಿನ್ ಎಂಬ ಸೈಟೊಕೈನಿನ್. ಫೆಲನಾಪ್ಸಿಸ್ ಎಂಬ ಆರ್ಕಿಡ್‌ನ ಹೂದಂಟಿನ ಗೆಣ್ಣಿನ ಪೊರೆಯನ್ನು ಸೂಜಿಯಿಂದ ಸೀಳಿ, ಸಾಸಿವೆ ಕಾಳಿನಷ್ಟು ಮುಲಾಮು ಸವರಿದರೆ ಅಲ್ಲಿ ಮರಿಗಿಡವೋ ಹೊಸ ಹೂದಂಟೋ ಹೊರಡಬಹುದು. ಸೊರಗಿದ ಗಿಡಕ್ಕೆ ಇದನ್ನು ಹಚ್ಚುವುದು ಹಸಿದವರಿಗೆ ಓಡಲು ಹೇಳಿದಂತೆ.

ಕಡ್ಡಿಗಳನ್ನು ಎಳನೀರಿನಲ್ಲಿ ನೆನೆಸುವ ರೂಢಿಯನ್ನು ಇಲ್ಲಿಯೇ ಪರಿಶೀಲಿಸಬಹುದು. ಎಳನೀರಿನಲ್ಲಿ ಸೈಟೊಕೈನಿನ್ ಇರುವುದು ನಿಜ, ಅಂಗಾಂಶ ಕೃಷಿಯಲ್ಲಿ (ಗಿಡದ ಚೂರುಗಳನ್ನು ಸೀಸೆಯಲ್ಲಿ ಬೆಳೆಸುವುದರಲ್ಲಿ) ಅದನ್ನು 1940ರ ದಶಕದಿಂದ ಬಳಸುತ್ತ ಬಂದಿದ್ದಾರೆ. ಆದರೆ ನಮಗೆ ಬೇಕಾದದ್ದು ಬೇರು, ಕುಡಿಯಲ್ಲ. ಜೊತೆಗೆ ಅದರ ಸಕ್ಕರೆ ಮಳೆಗಾಲದ ಬೂಸ್ಟಿಗೆ ಹಬ್ಬದೂಟ. ಜೇನುತುಪ್ಪವೂ ದಾಲ್ಚಿನ್ನಿ ಪುಡಿಯೂ ಹಾರ್ಮೋನಿನ ಬದಲಿಯಲ್ಲ, ಗಾಯಕ್ಕೆ ಸೋಂಕು ತಗಲದಂತೆ ಅಲ್ಪಸ್ವಲ್ಪ ಕಾಯುತ್ತವೆ ಅಷ್ಟೆ.

ಕಾಂಡವನ್ನು ಉದ್ದ ಮಾಡುವ ಹಾರ್ಮೋನಾದ ಜಿಬ್ಬರೆಲಿನ್ ಪತ್ತೆಯಾದದ್ದು ಭತ್ತದ ಗದ್ದೆಯಲ್ಲಿ. ಸಸಿಗಳು ಅತಿಯಾಗಿ ಉದ್ದವಾಗಿ, ಬಿಳಿಚಿ, ಕಾಳು ಕಟ್ಟದೆ ಬೀಳುವ ರೋಗಕ್ಕೆ ಕಾರಣ ಒಂದು ಶಿಲೀಂಧ್ರವು ಸ್ರವಿಸುವ ವಸ್ತುವೆಂದು ಜಪಾನಿನ ಕುರೊಸಾವಾ 1926ರಲ್ಲಿ ತೋರಿಸಿದರು. ಮನೆಗಿಡಗಳ ಮಟ್ಟಿಗೆ ಇದನ್ನು ನಾವು ಬಳಸುವುದಕ್ಕಿಂತ, ನಮಗೆ ಮಾರುವ ಮುನ್ನ ಬಳಸಿರುವುದೇ ಹೆಚ್ಚು. ಪೀಸ್ ಲಿಲ್ಲಿಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಬೇಕಾದಾಗ ಹೂ ಬಿಡಿಸುವುದು ದೊಡ್ಡ ನರ್ಸರಿಗಳ ಸಾಮಾನ್ಯ ತಂತ್ರ. ತಂದಾಗ ತುಂಬ ಹೂವಿದ್ದ ಗಿಡ ಮರುವರ್ಷ ಬರಿಯ ಎಲೆಯಾಗಿ ನಿಂತರೆ ನಿಮ್ಮ ಕೈಗುಣವನ್ನು ಹಳಿಯಬೇಕಾಗಿಲ್ಲ. ಹಾಗೆಯೇ ಕುಂಡದ ಗಿಡಗಳನ್ನು ಗಿಡ್ಡವಾಗಿ, ಒತ್ತಾಗಿ ಇಡಲು ಗಿಡದೊಳಗೆ ಜಿಬ್ಬರೆಲಿನ್ ತಯಾರಾಗದಂತೆ ತಡೆಯುವ ಪ್ಯಾಕ್ಲೊಬ್ಯುಟ್ರಜಾಲ್ ಕೊಡುವುದುಂಟು. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜ ಸ್ವಭಾವಕ್ಕೆ ಉದ್ದವಾಗುತ್ತದೆ.

ಎಥಿಲಿನ್ ಅನಿಲವಾದರೂ ಹಾರ್ಮೋನೇ. ಸಾಗರ, ಸೊರಬದ ಕಡೆಯ ಅನಾನಸ್ ಹೊಲಗಳಲ್ಲಿ ಎಲ್ಲ ಗಿಡಗಳೂ ಒಟ್ಟಿಗೆ ಹೂ ಬಿಡಲೆಂದು ಎಥೆಫಾನ್ ಹಾಕುವುದನ್ನು ನೋಡಿರಬಹುದು; ಅದು ಗಿಡದೊಳಗೆ ಒಡೆದು ಎಥಿಲಿನ್ ಬಿಡುತ್ತದೆ. ಅನಾನಸಿನದೇ ಕುಟುಂಬದ ಬ್ರೊಮೆಲಿಯಾಡ್ ಗಿಡ ಮನೆಯಲ್ಲಿ ಹೂ ಬಿಡದಿದ್ದರೆ, ನಡುವಿನ ಬಟ್ಟಲಿನ ನೀರನ್ನು ಚೆಲ್ಲಿ, ಎಥಿಲಿನ್ ಬಿಡುವ, ಚೆನ್ನಾಗಿ ಹಣ್ಣಾದ ಸೇಬಿನೊಂದಿಗೆ ಪಾರದರ್ಶಕ ಚೀಲದಲ್ಲಿ ಒಂದು ವಾರ ಕಟ್ಟಿಟ್ಟು ನೋಡಬಹುದು. ಬಲಿತ ಗಿಡಕ್ಕೆ ಮಾತ್ರ ಇದು ಸಲ್ಲುತ್ತದೆ.

ಇನ್ನೊಂದು ಎಚ್ಚರಿಕೆ ಎಲೆ ತುಂಡಿನಿಂದ ಗಿಡ ಮಾಡುವವರಿಗೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆಯನ್ನು ಕತ್ತರಿಸಿ, ಪುಡಿ ಹಚ್ಚಿ ನೆಟ್ಟರೆ ಬೇರೂ ಬರುತ್ತದೆ, ತಿಂಗಳುಗಳ ಮೇಲೆ ಮರಿಯೂ ಬರುತ್ತದೆ, ಆದರೆ ಹಳದಿ ಅಂಚು ಬರುವುದಿಲ್ಲ. ಆ ಅಂಚಿನ ಜೀವಕೋಶಗಳು ಒಳಗಿನವಕ್ಕಿಂತ ಬೇರೆಯಾಗಿದ್ದು, ಮರಿ ಹುಟ್ಟುವುದು ಒಳಗಿನ ಹಸಿರು ಕೋಶಗಳಿಂದ. ಅಂಚು ಬೇಕಾದವರು ಬುಡದ ಗಡ್ಡೆಯನ್ನೇ ಪಾಲು ಮಾಡಬೇಕು. ಅದಕ್ಕೆ ಚಾಕು ಸಾಕು, ಪುಡಿಯ ಅಗತ್ಯವಿಲ್ಲ.

ಬೇರು ಬಂದ ಮೇಲೆ ಆಕ್ಸಿನ್ ಕೊಡುವುದನ್ನು ನಿಲ್ಲಿಸಬೇಕು, ಏಕೆಂದರೆ ಬೇರನ್ನು ಹುಟ್ಟಿಸುವ ಪ್ರಮಾಣವೇ ಹುಟ್ಟಿದ ಬೇರು ಉದ್ದವಾಗುವುದನ್ನು ತಡೆಯುತ್ತದೆ. ಮೂರು ನಾಲ್ಕು ವಾರಗಳ ಮೇಲೆ ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಅದು ಮಣ್ಣನ್ನು ಹಿಡಿದುಕೊಂಡಂತೆ ಅನಿಸಿದರೆ ಬೇರು ಬಂದಿದೆ ಎಂದು ತಿಳಿಯಬೇಕು. ಬೇರು ಎರಡು ಅಂಗುಲವಾಗಿ ಕವಲೊಡೆದಾಗ ಕಾಡುಮಣ್ಣು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡಕ್ಕೆ ಬದಲಾಯಿಸಬೇಕು. ಉಳಿದ ಪುಡಿಯ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಕೊಂಡ ತಿಂಗಳನ್ನು ಮುಚ್ಚಳದ ಮೇಲೆ ಬರೆದು, ಬೆಳಕೂ ತೇವವೂ ತಾಗದ ತಂಪಾದ ಕಡೆ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ವಾರದಲ್ಲೇ ಗಂಟು ಕಟ್ಟುತ್ತದೆ.