ಫರಸಿ ಮೇಲೆ ನಾಲ್ಕು ಗಾಲಿ

ಹೊಸ ಜಾಗಕ್ಕೆ ಹೋದರೆ ಸ್ಕೇಟ್‌ಬೋರ್ಡ್ ಇಳಿಸುವ ಮೊದಲು ಹಿಮ್ಮಡಿಯಿಂದ ನೆಲ ಬಡಿದು ನೋಡುತ್ತೇನೆ. ‘ಠಕ್’ ಅಂದರೆ ಕಲ್ಲು ಗಟ್ಟಿ ಕೂತಿದೆ. ‘ಡಬ್’ ಅಂದರೆ ಕೆಳಗೆ ಟೊಳ್ಳು. ಅಲ್ಲಿ ಜಿಗಿದರೆ ಒಂದೋ ಫರಸಿ ಒಡೆಯುತ್ತದೆ, ಇಲ್ಲ ನನ್ನ ಮಣಿಕಟ್ಟು. ಇದನ್ನು ಹೇಳಿಕೊಟ್ಟದ್ದು ಯಾವ ಕೋಚೂ ಅಲ್ಲ, ನಮ್ಮ ಅಂಗಳಕ್ಕೆ ಫರಸಿ ಹಾಕಲು ಬಂದಿದ್ದ ಗೌಂಡಿ.

ಸ್ಕೇಟ್‌ಬೋರ್ಡೇ ನನ್ನ ಹೊಟ್ಟೆಪಾಡು. ಮಕ್ಕಳಿಗೆ ಕಲಿಸುತ್ತೇನೆ, ಕರೆದಲ್ಲಿ ಹೋಗಿ ಶೋ ಮಾಡುತ್ತೇನೆ. ಕಲಬುರಗಿಯಲ್ಲಿ ಹೀಗೆ ಹೇಳಿದರೆ ಮುಂದಿನ ಪ್ರಶ್ನೆ ಸಿದ್ಧ: ‘ಅದು ಖರೇ ರೀ, ಕೆಲಸ ಏನ್ ಮಾಡ್ತೀರಿ?’

ಸ್ಟ್ರೀಟ್ ಸ್ಕೇಟಿಂಗ್‌ಗೆ ಬೇಕಾದದ್ದು ಮೆಟ್ಟಿಲು, ಕಂಬಿ, ಕಟ್ಟಿ. ಎಲ್ಲವೂ ಬೇರೆ ಯಾರೋ ಬೇರೆ ಕೆಲಸಕ್ಕೆ ಕಟ್ಟಿಸಿದ್ದು. ಹಾಗಾಗಿ ಊರಿನ ಕಲ್ಲು-ಮಣ್ಣಿನ ಗುಣ ತಿಳಿಯದವನಿಗೆ ಈ ಆಟ ಒಲಿಯುವುದಿಲ್ಲ. ನಮ್ಮದು ಶಹಾಬಾದ್ ಕಲ್ಲು, ಪದರು ಪದರಾಗಿ ಏಳುವ ಸುಣ್ಣಕಲ್ಲು. ಪಾಲಿಶ್ ಹೊಡೆದದ್ದು ಗಾಲಿಗೆ ಬೆಣ್ಣೆ. ಮೇಲೆ ಧೂಳು ಕೂತಿತೋ, ತಿರುವಿನಲ್ಲಿ ಬೋರ್ಡ್ ಒಂದು ಕಡೆ, ನೀವು ಒಂದು ಕಡೆ. ಪಾಲಿಶ್ ಇಲ್ಲದ್ದು ಹಲ್ಲು ನಡುಗಿಸುತ್ತದೆ, ಆದರೆ ಮೋಸ ಮಾಡುವುದಿಲ್ಲ.

ನಿಜವಾದ ಶತ್ರು ಕಲ್ಲಲ್ಲ, ಅದರ ಕೆಳಗಿನ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜನವರಿಯಲ್ಲಿ ಸಮವಿದ್ದ ಸಂದು ಆಗಸ್ಟ್‌ನಲ್ಲಿ ಬೆರಳು ದಪ್ಪ ಎದ್ದಿರುತ್ತದೆ. ಸ್ಟ್ರೀಟ್ ಗಾಲಿ ಸಣ್ಣದು, 52 ಮಿಲಿಮೀಟರ್ ಆಸುಪಾಸು, ಗಡಸುತನ 99ಎ (ಅಂಕಿ ಇಳಿದಷ್ಟು ಗಾಲಿ ಮೆತ್ತಗೆ). ಅಂಥ ಗಾಲಿಗೆ ಒಂದು ಖಡಿ ಸಿಕ್ಕರೂ ಸಾಕು, ಬೋರ್ಡ್ ಅಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಕಲಿಯುವ ಮಕ್ಕಳಿಗೆ ನಾನು 78ಎ ಮೆತ್ತನೆ ಗಾಲಿ ಹಾಕಿಕೊಡುತ್ತೇನೆ. ಇಷ್ಟಕ್ಕೇ ನಾವು ಪುಣ್ಯವಂತರು. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್ವರ್ದಿ ಈಗಿನ ಈ ಪಾಲಿಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಗಾಲಿ ತರುವ ಮೊದಲು ಅಮೆರಿಕದ ಹುಡುಗರು ಉರುಳುತ್ತಿದ್ದದ್ದು ಮಣ್ಣಿನ ಮಿಶ್ರಣದ ಗಾಲಿಗಳ ಮೇಲೆ.

ಎಲ್ಲರೂ ಕೇಳುವುದು ಒಂದೇ: ‘ಬೋರ್ಡ್ ಕಾಲಿಗೆ ಅಂಟಿಕೊಂಡು ಹೆಂಗ ಏಳ್ತದ?’ ಅಂಟಿರುವುದಿಲ್ಲ. ಹಿಂಗಾಲಿನಿಂದ ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿಯುತ್ತೇವೆ, ಮೂತಿ ಮೇಲೇಳುತ್ತದೆ. ಆ ಗಳಿಗೆಗೆ ನಾವೂ ಜಿಗಿದಿರಬೇಕು. ಮುಂಗಾಲಿನ ಬೂಟಿನ ಪಕ್ಕ ಮರಳುಕಾಗದದಂಥ ಗ್ರಿಪ್ ಮೇಲೆ ಉಜ್ಜುತ್ತ ಮುಂದೆ ಸರಿದು ಮೂತಿಯನ್ನು ಒತ್ತಿದರೆ ಬಾಲ ಎದ್ದು ಬೋರ್ಡ್ ಸಮವಾಗುತ್ತದೆ. ಇದೇ ಆಲಿ. 1970ರ ದಶಕದ ಕೊನೆಗೆ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಇದನ್ನು ಬಟ್ಟಲಿನಾಕಾರದ ಇಳಿಜಾರಿನಲ್ಲಿ ಮಾಡಿದ. ಕೆಲವೇ ವರ್ಷಗಳಲ್ಲಿ ರಾಡ್ನಿ ಮಲೆನ್ ಸಪಾಟು ನೆಲಕ್ಕೆ ತಂದ. ಮಲೆನ್ ಇಲ್ಲದಿದ್ದರೆ ಕಟ್ಟಿ ಏರುವ ಮಾತೇ ಇರುತ್ತಿರಲಿಲ್ಲ. ನನಗೆ ಮೊದಲ ಆಲಿ ಬರಲು ನಾಲ್ಕು ತಿಂಗಳು ಹಿಡಿಯಿತು. ಎಡ ಬೂಟಿನ ಕಿರುಬೆರಳ ಪಕ್ಕ ತೂತಾಗಿ ಕಾಲುಚೀಲ ಕಾಣುತ್ತಿತ್ತು. ಈಗಲೂ ಹೊಸ ಹುಡುಗರ ಬೂಟು ನೋಡಿಯೇ ಯಾರು ಮನೆಯಲ್ಲೂ ಅಭ್ಯಾಸ ಮಾಡುತ್ತಾರೆ ಅಂತ ಹೇಳಬಲ್ಲೆ.

‘ಹೆಣ್ಣುಹುಡುಗರಿಗೆ ಯಾಕ್ರಿ ಇದು?’ ಅನ್ನುವ ಅಪ್ಪಂದಿರಿಗೆ ನಾನು ವಾದ ಮಾಡುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಸ್ಟ್ರೀಟ್ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಆ ವಿಡಿಯೊ ತೋರಿಸಿ ಫೋನ್ ಅವರ ಕೈಗೇ ಕೊಡುತ್ತೇನೆ.

ಕಟ್ಟಿ ಅಂಚಿನಲ್ಲಿ ಬೋರ್ಡ್ ಜಾರಿಸಲು ಮೇಣದಬತ್ತಿ ಉಜ್ಜುತ್ತೇವೆ. ಒಮ್ಮೆ ಒಂದು ಅಂಗಡಿ ಕಟ್ಟಿಗೆ ಧಾರಾಳವಾಗಿ ಉಜ್ಜಿ ಬಂದಿದ್ದೆವು. ಮರುದಿನ ಅಲ್ಲಿ ಪಲ್ಲೆ ಸೋಸಲು ಕೂತ ಅಜ್ಜಿ ಬುಟ್ಟಿ ಸಮೇತ ಜಾರಿದರು. ಪೆಟ್ಟೇನೂ ಆಗಲಿಲ್ಲ, ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾಗದು. ತಪ್ಪು ನಮ್ಮದೇ. ಜೊತೆಗೆ ಬೋರ್ಡಿನ ಲೋಹದ ಟ್ರಕ್ (ಗಾಲಿ ಕೂರಿಸುವ ಅಚ್ಚು) ತಾಗಿ ಸುಣ್ಣಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಅಂದಿನಿಂದ ಬೇರೆಯವರ ಕಟ್ಟಿಗೆ ಕೇಳದೆ ಮುಟ್ಟುವುದಿಲ್ಲ.

ಬದಲಿಗೆ ಪಾಲಿಶ್ ಕಾರ್ಖಾನೆಯೊಂದರಿಂದ ಮೂಲೆ ಮುರಿದ ಫರಸಿ ತಂದು, ಇಟ್ಟಿಗೆ ಇಟ್ಟು, ಅಂಚಿಗೆ ಕಬ್ಬಿಣದ ಆ್ಯಂಗಲ್ ಕೂರಿಸಿ ನಮ್ಮದೇ ಕಟ್ಟಿ ಮಾಡಿಕೊಂಡೆವು. ಮೊಣಕಾಲೆತ್ತರ, ಎಂಟಡಿ ಉದ್ದ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಮುಂಜಾನೆ ಆರರಿಂದ ಎಂಟರವರೆಗಷ್ಟೇ ಆಟ. ಆದರೆ ಏಳಕ್ಕೆ ವಾಕಿಂಗ್ ಮುಗಿಸಿದ ಮೂವರು ಹಿರಿಯರು ಬಂದು ಅದರ ಮೇಲೇ ಕೂಡುತ್ತಾರೆ. ‘ಕಟ್ಟಿ ಮಸ್ತ್ ಮಾಡೀರಿ ತಮ್ಮಾ’ ಅನ್ನುತ್ತಾರೆ. ಅವರು ಏಳುವತನಕ ನಾವು ಬೋರ್ಡ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇವೆ.