ಎಡಿಟಿಂಗಿಗೂ ಗೇಮಿಗೂ ಒಂದೇ ಲ್ಯಾಪ್‌ಟಾಪ್: ಆರ್ಡರ್ ಕೊಡುವ ಮೊದಲು ಓದಿಕೊಳ್ಳಬೇಕಾದ್ದು

ವಿಡಿಯೊ ಎಡಿಟಿಂಗ್ ಕಲಿಯುತ್ತಿರುವವರು ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್ ಬಗ್ಗೆ: ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಸಾಕಾ, 5070 ಬೇಕಾ? ಹಗಲು ಮದುವೆ ವಿಡಿಯೊ ಕಟ್ ಮಾಡಿ ರಾತ್ರಿ ಗೇಮ್ ಆಡುವವರಿಗಂತೂ ಈ ಪ್ರಶ್ನೆ ಸಹಜ. ಆದರೆ ಆಯ್ಕೆ ಅಲ್ಲಿಂದ ಶುರುವಾಗಬಾರದು. ನಿಮ್ಮ ಕೈಗೆ ಬರುವ ಫೈಲ್ ಯಾವ ಬಗೆಯದು ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು, ಯಂತ್ರದ ಮಾತು ಆಮೇಲೆ. ದುಬಾರಿ ಯಂತ್ರದಲ್ಲಿ ಟೈಮ್‌ಲೈನ್ ತಡವರಿಸುವುದನ್ನೂ, ಅದಕ್ಕಿಂತ ಅಗ್ಗದ ಯಂತ್ರದಲ್ಲಿ ಅದೇ ಫೈಲ್ ಸರಾಗವಾಗಿ ಓಡುವುದನ್ನೂ ನಮ್ಮ ಗೆಳೆಯರ ಬಳಗದಲ್ಲೇ ನೋಡಿದ್ದೇನೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಗೇಮ್ ಚಿತ್ರ ಬರೆಯುತ್ತದೆ, ಎಡಿಟಿಂಗ್ ಚಿತ್ರ ಬಿಚ್ಚುತ್ತದೆ

ಗೇಮ್ ಓಡುವಾಗ ಪ್ರತಿಯೊಂದು ಫ್ರೇಮನ್ನೂ ಗ್ರಾಫಿಕ್ಸ್ ಚಿಪ್ ಹೊಸದಾಗಿ ಬರೆಯುತ್ತದೆ. 144 ಹರ್ಟ್ಸ್ ಪರದೆಗೆ ಸರಿಯಾಗಿ ಫ್ರೇಮ್ ಒದಗಿಸಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ ಸುಮಾರು 7 ಮಿಲಿಸೆಕೆಂಡ್ ಅಷ್ಟೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊಗಾದರೆ 40 ಮಿಲಿಸೆಕೆಂಡ್ ಸಿಗುತ್ತದೆ. ಲೆಕ್ಕ ನೋಡಿದರೆ ಎಡಿಟಿಂಗೇ ಸುಲಭವಾಗಬೇಕಿತ್ತು. ಹಾಗಾಗದಿರಲು ಕಾರಣ, ಕ್ಯಾಮೆರಾ ಫೈಲಿನಲ್ಲಿ ಚಿತ್ರಗಳು ಬಿಡಿಬಿಡಿಯಾಗಿ ಇರುವುದಿಲ್ಲ.

ವಿಡಿಯೊ ಕುಗ್ಗಿಸುವ ವಿಧಾನಗಳಾದ ಎಚ್.264 ಮತ್ತು ಎಚ್.265 ಎರಡೂ ಜಾಗ ಉಳಿಸಲು ಒಂದೇ ಉಪಾಯ ಮಾಡುತ್ತವೆ. ಆಗೊಮ್ಮೆ ಈಗೊಮ್ಮೆ ಮಾತ್ರ ಒಂದು ಪೂರ್ತಿ ಚಿತ್ರ ಇಡುತ್ತವೆ. ನಡುವಿನ ಫ್ರೇಮ್‌ಗಳಲ್ಲಿ ಅಕ್ಕಪಕ್ಕದ ಚಿತ್ರಗಳಿಗಿಂತ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆದಿಡುತ್ತವೆ. ಟಿವಿ ಧಾರಾವಾಹಿಯ ಗುರುವಾರದ ಕಂತು ಅರ್ಥವಾಗಬೇಕಾದರೆ ಸೋಮವಾರದಿಂದ ನೋಡಿಕೊಂಡು ಬಂದಿರಬೇಕಲ್ಲ, ಹಾಗೆ. ಸುಮ್ಮನೆ ಪ್ಲೇ ಮಾಡುವಾಗ ಇದರಿಂದ ತೊಂದರೆ ಇಲ್ಲ. ಆದರೆ ಎಡಿಟಿಂಗ್‌ನಲ್ಲಿ ನಾವು ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆದಾಡುತ್ತೇವೆ, ಮೂರು ಕ್ಯಾಮೆರಾ ಒಟ್ಟಿಗೆ ಇಟ್ಟು ನೋಡುತ್ತೇವೆ. ಎಲ್ಲಿ ನಿಂತರೂ ಹಿಂದಿನ ಪೂರ್ತಿ ಚಿತ್ರದಿಂದ ಶುರು ಮಾಡಿ ಅಲ್ಲಿಯವರೆಗೆ ಬಿಚ್ಚಿಕೊಂಡು ಬರಬೇಕು. ಈ ಬಿಚ್ಚುವ ಕೆಲಸಕ್ಕೇ ಡಿಕೋಡ್ ಅನ್ನುತ್ತಾರೆ. ಗೇಮಿಗೆ ಬೇಕಾಗುವ ಶಕ್ತಿ ಇಲ್ಲಿ ನೆರವಿಗೆ ಬರುವುದಿಲ್ಲ. ಡಿಕೋಡ್‌ಗೆಂದೇ ಚಿಪ್ ಒಳಗೆ ಬೇರೆ ಪುಟ್ಟ ಎಂಜಿನ್ ಇರುತ್ತದೆ. ಆ ಎಂಜಿನ್‌ಗೆ ನಿಮ್ಮ ಫೈಲ್ ಓದಲು ಬಂದರೆ ಎಲ್ಲವೂ ಸಲೀಸು. ಬರದಿದ್ದರೆ ಇಡೀ ಭಾರ ಪ್ರೊಸೆಸರ್ ತಲೆಗೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಡಿಯೊದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿಯಲ್ಲಿ ಮಾತ್ರ ಉಳಿತಾಯ ಮಾಡುತ್ತಾರೆ. 4:2:0 ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾದರಿ. 4:2:2 ಅಂದರೆ ಎರಡು ಪಿಕ್ಸೆಲ್‌ಗೆ ಒಂದು. ಫೋನ್ ಮತ್ತು ಡ್ರೋನ್ ಫೈಲ್‌ಗಳು ಹೆಚ್ಚಾಗಿ 4:2:0. ಮದುವೆ ಕೆಲಸದಲ್ಲಿ ಓಡಾಡುವ ಸೋನಿ ಎ7 ಫೋರ್, ಕ್ಯಾನನ್ ಆರ್6 ಥರದ ಕ್ಯಾಮೆರಾಗಳು 10 ಬಿಟ್ (8 ಬಿಟ್‌ಗಿಂತ ಬಣ್ಣದ ಮಟ್ಟಗಳು ಹೆಚ್ಚು) 4:2:2 ಕೊಡುತ್ತವೆ. ಗ್ರೇಡಿಂಗ್, ಅಂದರೆ ಬಣ್ಣ ತಿದ್ದುವ ಕೆಲಸ ಮಾಡುವವರಿಗೆ ಇದು ವರ, ಲ್ಯಾಪ್‌ಟಾಪ್‌ಗೆ ಪರೀಕ್ಷೆ. 10 ಬಿಟ್ 4:2:2 ಎಚ್.265 ಫೈಲನ್ನು ಇಂಟೆಲ್ ಪ್ರೊಸೆಸರ್ ಒಳಗಿನ ಕ್ವಿಕ್ ಸಿಂಕ್ ಎಂಜಿನ್ 11ನೇ ತಲೆಮಾರಿನ ಚಿಪ್‌ಗಳ ಕಾಲದಿಂದಲೇ ಬಿಚ್ಚುತ್ತಿದೆ. ಎನ್ವಿಡಿಯಾದಲ್ಲಿ ಈ ಸೌಲಭ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಆರ್‌ಟಿಎಕ್ಸ್ 40 ಸರಣಿಯ ಅತಿ ದುಬಾರಿ ಕಾರ್ಡಿಗೂ ಅದು ಬರುವುದಿಲ್ಲ. ಅಂದರೆ ಎಎಮ್‌ಡಿ ಪ್ರೊಸೆಸರ್ ಜೊತೆ 4070 ಇರುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಭರ್ಜರಿಯಾಗಿ ಓಡುತ್ತದೆ, ಈ ಫೈಲ್ ಮಾತ್ರ ತಡವರಿಸುತ್ತದೆ. ಇಂಟೆಲ್ ಜೊತೆ 4050 ಇರುವ ಅಗ್ಗದ ಯಂತ್ರ ಅದನ್ನು ಆರಾಮಾಗಿ ಓಡಿಸುತ್ತದೆ. 50 ಸರಣಿ ತೆಗೆದುಕೊಂಡರೂ ಎಡಿಟಿಂಗ್ ಸಾಫ್ಟ್‌ವೇರ್ ಹೊಸ ಆವೃತ್ತಿಯದೇ ಇರಬೇಕು. ಹಳೆಯದಕ್ಕೆ ಆ ಎಂಜಿನ್ ಇರುವುದೇ ಗೊತ್ತಿರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಮೀಡಿಯಾಇನ್ಫೋ ಅನ್ನುವ ಉಚಿತ ಆ್ಯಪ್‌ನಲ್ಲಿ ಫೈಲ್ ತೆರೆದರೆ 4:2:0ನೋ 4:2:2ನೋ, 8 ಬಿಟ್ಟೋ 10 ಬಿಟ್ಟೋ ಎಲ್ಲ ತೋರಿಸುತ್ತದೆ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ವಿಡಿಯೊ ಡಿಕೋಡ್ ಅನ್ನುವ ಗ್ರಾಫ್ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ಪ್ಲೇ ಮಾಡಿ. ಗ್ರಾಫ್ ಮೇಲೆದ್ದು ಸಿಪಿಯು (ಪ್ರೊಸೆಸರ್) ತಣ್ಣಗಿದ್ದರೆ ಎಂಜಿನ್ ಕೆಲಸ ಮಾಡುತ್ತಿದೆ. ಗ್ರಾಫ್ ನೆಲ ಹಿಡಿದು ಸಿಪಿಯು 90 ಪರ್ಸೆಂಟ್ ದಾಟಿದರೆ, ಫ್ಯಾನ್ ಯಾಕೆ ಕೂಗುತ್ತಿದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಕೊಳ್ಳುವ ಮುಂಚೆ ಗೆಳೆಯರ ಯಂತ್ರದಲ್ಲಿ ನಿಮ್ಮದೇ ಒಂದು ಕ್ಲಿಪ್ ಹಾಕಿ ಹೀಗೆ ನೋಡುವುದು ಹತ್ತು ರಿವ್ಯೂ ಓದುವುದಕ್ಕಿಂತ ಮೇಲು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಮಕ್ಸ್ ಸ್ವಿಚ್ ಅಂತ ಇರುತ್ತದೆ. ಮಾಮೂಲಿಯಾಗಿ ಗ್ರಾಫಿಕ್ಸ್ ಕಾರ್ಡ್ ಬರೆದ ಚಿತ್ರ ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್ ಮೂಲಕ ಹಾದು ಪರದೆಗೆ ಬರುತ್ತದೆ. ಈ ಸ್ವಿಚ್ ಅದನ್ನು ನೇರವಾಗಿ ಪರದೆಗೆ ಜೋಡಿಸುತ್ತದೆ, ಗೇಮಿನಲ್ಲಿ ಫ್ರೇಮ್ ಹೆಚ್ಚುತ್ತದೆ. ಆದರೆ ಹಲವು ಯಂತ್ರಗಳಲ್ಲಿ ಈ ನೇರ ಮೋಡ್‌ಗೆ ಹಾಕಿದ ಕೂಡಲೇ ಒಳಗಿನ ಇಂಟೆಲ್ ಗ್ರಾಫಿಕ್ಸ್ ಪೂರ್ತಿ ಆಫ್ ಆಗುತ್ತದೆ, ಜೊತೆಗೆ ಕ್ವಿಕ್ ಸಿಂಕ್ ಕೂಡ. ರಾತ್ರಿ ಗೇಮ್ ಆಡಿ ಹಾಗೇ ಬಿಟ್ಟರೆ ಬೆಳಿಗ್ಗೆ ಎಡಿಟಿಂಗ್ ನಿಧಾನ. ಎಡಿಟಿಂಗಿಗೆ ಕೂರುವಾಗ ಎರಡೂ ಗ್ರಾಫಿಕ್ಸ್ ಕೆಲಸ ಮಾಡುವ ಮಾಮೂಲಿ ಹೈಬ್ರಿಡ್ ಮೋಡ್‌ಗೆ ವಾಪಸ್ ಹಾಕಿ ರೀಸ್ಟಾರ್ಟ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ. ಇನ್ನು ರೈಸನ್ 7435ಎಚ್‌ಎಸ್ ಥರದ ಕೆಲವು ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದೇ ಇಲ್ಲ. ಬೆಲೆ ಕಡಿಮೆ, ನಿಜ. ಸುಮ್ಮನೆ ಬ್ರೌಸರ್ ತೆರೆದರೂ ದೊಡ್ಡ ಕಾರ್ಡೇ ಎಚ್ಚರವಾಗಿರಬೇಕು, ಹಾಗಾಗಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಯಾವ ಯಂತ್ರವಿದ್ದರೂ ಪ್ರಾಕ್ಸಿ ಮಾಡಿಕೊಳ್ಳುವುದನ್ನು ಕಲಿಯಿರಿ. ಮೂಲ ಫೈಲಿನ ಹಗುರವಾದ ನಕಲು ಮಾಡಿಕೊಂಡು ಅದರಲ್ಲಿ ಕಟ್ ಮಾಡಿ, ಕೊನೆಗೆ ಮೂಲ ಫೈಲಿನಿಂದಲೇ ರೆಂಡರ್ ಮಾಡುವ ಕ್ರಮ ಇದು. ಬಜೆಟ್ ಸಾಲದವರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಹೆಸರು ಒಂದೇ, ವ್ಯಾಟ್ ಬೇರೆ

ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡ್‌ನಲ್ಲಿ ಕೇಳಿಸುವ ಮಾತು ಹೀಗಿರುತ್ತದೆ: "ಸಾರ್, 4060 ಇದೆ, ಯಾವ್ ಗೇಮ್ ಬೇಕಾದ್ರೂ ಹಾಕಿ, ಓಡುತ್ತೆ." ಆಗ ಕೇಳಬೇಕಾದ ಪ್ರಶ್ನೆ ಒಂದೇ: "ಎಷ್ಟು ವ್ಯಾಟ್‌ದು ಅಣ್ಣ?" ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060ಕ್ಕೆ ಎನ್ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಕಂಪನಿಗೆ ಬಿಟ್ಟದ್ದು. ತೆಳ್ಳಗಿನ ಯಂತ್ರದಲ್ಲಿ ಕಡಿಮೆ ಕೊಡುತ್ತಾರೆ, ಏಕೆಂದರೆ ಶಾಖ ಹೊರಹಾಕಲು ಜಾಗವಿಲ್ಲ. ಡಬ್ಬದ ಮೇಲೆ ಎರಡಕ್ಕೂ ಒಂದೇ ಹೆಸರು. ಅಂಗಡಿಯಲ್ಲಿ ಡೆಮೊ ಯಂತ್ರ ಸಿಕ್ಕರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿ. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನುವ ಸಾಲಿನಲ್ಲಿ ವ್ಯಾಟ್ ಬರೆದಿರುತ್ತದೆ.

ಡೆಸ್ಕ್‌ಟಾಪ್ ಕಾರ್ಡಿನ ಪರೀಕ್ಷೆ ನೋಡಿ ಲ್ಯಾಪ್‌ಟಾಪ್ ಕೊಳ್ಳುವುದೂ ಸರಿಯಲ್ಲ. ಡೆಸ್ಕ್‌ಟಾಪ್ 4090ಕ್ಕೆ 24 ಜಿಬಿ ಮೆಮೊರಿ (ಕಾರ್ಡಿನೊಳಗಿನದು), 450 ವ್ಯಾಟ್. ಲ್ಯಾಪ್‌ಟಾಪ್ 4090ಕ್ಕೆ 16 ಜಿಬಿ, ಮಾಮೂಲಿ ಮಿತಿ 150 ವ್ಯಾಟ್, ಒಳಗಿನ ಚಿಪ್ಪೂ ಬೇರೆ. 4070 ಡೆಸ್ಕ್‌ಟಾಪ್‌ನಲ್ಲಿ 12 ಜಿಬಿ, ಲ್ಯಾಪ್‌ಟಾಪ್‌ನಲ್ಲಿ 8.

ಈ ಮೆಮೊರಿ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಪ್ರತಿ ಬಣ್ಣವನ್ನೂ 32 ಬಿಟ್‌ನಲ್ಲಿ ಲೆಕ್ಕ ಮಾಡುತ್ತದೆ. 3840 × 2160 ಪಿಕ್ಸೆಲ್, ಪಾರದರ್ಶಕತೆಯದ್ದೂ ಸೇರಿ ಪ್ರತಿ ಪಿಕ್ಸೆಲ್‌ಗೆ ನಾಲ್ಕು ಚಾನೆಲ್, ಚಾನೆಲ್‌ಗೆ 4 ಬೈಟ್. ಗುಣಿಸಿದರೆ ಒಂದೇ ಒಂದು 4ಕೆ ಫ್ರೇಮಿಗೆ ಸುಮಾರು 133 ಎಂಬಿ. ಚಿತ್ರದ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿದರೆ ಹಿಂದಿನ ಮುಂದಿನ ಫ್ರೇಮ್‌ಗಳನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು. ಗ್ರೇಡಿಂಗ್‌ನ ಒಂದೊಂದು ಹಂತವಾದ ನೋಡ್‌ಗಳಿಗೆ ಇನ್ನಷ್ಟು ಬೇಕು. 6 ಜಿಬಿ ಕಾರ್ಡ್ ಇಂಥ ಕಡೆ ಬೇಗ ಕೈಚೆಲ್ಲುತ್ತದೆ, ಜಿಪಿಯು ಮೆಮೊರಿ ತುಂಬಿತು ಅನ್ನುವ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಫುಲ್ ಎಚ್‌ಡಿ ಟೈಮ್‌ಲೈನ್‌ನಲ್ಲಿ ಪಿಕ್ಸೆಲ್ ನಾಲ್ಕನೇ ಒಂದು ಭಾಗ, ಅಲ್ಲಿ 6 ಜಿಬಿ ನಡೆಯುತ್ತದೆ. 4ಕೆ ಗ್ರೇಡಿಂಗ್ ಮಾಡುವವರು 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 50 ಸರಣಿಯ ಲ್ಯಾಪ್‌ಟಾಪ್ 5060 ಮತ್ತು 5070 ಎರಡಕ್ಕೂ 8 ಜಿಬಿಯೇ ಇರುವುದು. 12 ಜಿಬಿ ಬೇಕೆಂದರೆ 5070 ಟಿಐಗೆ ಹೋಗಬೇಕು. ಎಡಿಟಿಂಗ್ ದೃಷ್ಟಿಯಿಂದ 5060ರಿಂದ 5070ಕ್ಕೆ ಹೆಚ್ಚುವರಿ ದುಡ್ಡು ಕೊಡುವ ಬದಲು ಅದನ್ನು ರ್‍ಯಾಮ್ ಮತ್ತು ಪರದೆಗೆ ಹಾಕುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ಕಸ್ಟಮ್ ಮಾಡಿಸುವಾಗ ಕೈಯಲ್ಲಿರುವುದು ಎಷ್ಟು

ಡೆಸ್ಕ್‌ಟಾಪ್ ಥರ ಬಿಡಿಭಾಗ ತಂದು ಜೋಡಿಸುವ ಸ್ವಾತಂತ್ರ್ಯ ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬದಲಾಯಿಸುವ ಎಮ್‌ಎಕ್ಸ್‌ಎಮ್ ಮಾಡ್ಯೂಲ್‌ಗಳು ಹಿಂದೆ ಇದ್ದವು. ಈಗ ಬಹುತೇಕ ಎಲ್ಲ ಯಂತ್ರಗಳಲ್ಲೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಹೊರದೇಶಗಳಲ್ಲಿ ಕಸ್ಟಮ್ ಲ್ಯಾಪ್‌ಟಾಪ್ ಮಾರುವ ಎಷ್ಟೋ ಸಣ್ಣ ಬ್ರ್ಯಾಂಡ್‌ಗಳು ತೈವಾನಿನ ಕ್ಲೆವೊ ಅಥವಾ ಚೀನಾದ ಟಾಂಗ್‌ಫಾಂಗ್ ಮಾಡಿದ, ಬೋರ್ಡ್ ಸಮೇತದ ಚಾಸಿಗೆ ರ್‍ಯಾಮ್, ಎಸ್‌ಎಸ್‌ಡಿ ಸೇರಿಸಿ ಕೊಡುತ್ತವೆ. ಆದ್ದರಿಂದ ಎಲ್ಲಿ ಮಾಡಿಸಿದರೂ ಪ್ರೊಸೆಸರ್, ಗ್ರಾಫಿಕ್ಸ್, ಪರದೆ ಈ ಮೂರನ್ನು ಆರ್ಡರ್ ಮಾಡುವಾಗಲೇ ಸರಿಯಾಗಿ ಆರಿಸಿ. ರ್‍ಯಾಮ್ ಮತ್ತು ಎಸ್‌ಎಸ್‌ಡಿ ಆಮೇಲೂ ಹಾಕಿಸಬಹುದು, ಸ್ಲಾಟ್ ಇದ್ದರೆ ಮಾತ್ರ. ಎಲ್‌ಪಿಡಿಡಿಆರ್5ಎಕ್ಸ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಆ ರ್‍ಯಾಮ್ ಬೆಸುಗೆಯಾಗಿದೆ ಅಂತಲೇ ಲೆಕ್ಕ.

ಎಡಿಟಿಂಗಿಗೆ 32 ಜಿಬಿ ರ್‍ಯಾಮ್ ಇರಲಿ, ಅದೂ 16ರ ಎರಡು ಸ್ಟಿಕ್. ಒಂದೇ ಸ್ಟಿಕ್ ಹಾಕಿದರೆ ಮೆಮೊರಿಯ ದಾರಿ ಅರ್ಧ ಮುಚ್ಚಿದಂತೆ, ಗೇಮಿನಲ್ಲೂ ಫ್ರೇಮ್ ಇಳಿಯುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ದಿನವಿಡೀ ಇರುವವರಿಗೆ 64 ಕೂಡ ಹೆಚ್ಚಲ್ಲ. ಕಂಪನಿಯ ಅಪ್‌ಗ್ರೇಡ್ ಬೆಲೆಯನ್ನೂ ಎಸ್‌ಪಿ ರೋಡ್ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊರಗೆ ಹಾಕಿಸುವುದಾದರೆ ಹಿಂಬದಿ ಮುಚ್ಚಳ ತೆಗೆದರೆ ವಾರಂಟಿ ಉಳಿಯುತ್ತದೆಯೇ ಅಂತ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆದು ಉತ್ತರ ತರಿಸಿಕೊಂಡಿರಿ. ಬಾಯಿಮಾತು ಬೇಡ.

ಎಸ್‌ಎಸ್‌ಡಿ ವಿಷಯದಲ್ಲಿ ವೇಗಕ್ಕಿಂತ ಜಾಗದ ಚಿಂತೆ ಮಾಡಿ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಫೈಲ್ ಗಂಟೆಗೆ 45 ಜಿಬಿ. ಓದಲು ಸೆಕೆಂಡಿಗೆ 12.5 ಎಂಬಿ ಸಾಕು, ಯಾವ ಎಸ್‌ಎಸ್‌ಡಿಯೂ ಕೊಡುತ್ತದೆ. ಅದೇ ದೃಶ್ಯ ಎಡಿಟಿಂಗಿಗೆಂದೇ ಕಡಿಮೆ ಕುಗ್ಗಿಸುವ ಪ್ರೊರೆಸ್ 422 ಎಚ್‌ಕ್ಯೂಗೆ ಹೋದರೆ 25 ಫ್ರೇಮ್‌ನಲ್ಲಿ ಗಂಟೆಗೆ 332 ಜಿಬಿ. ಎರಡು ಸ್ಲಾಟ್ ಇರುವ ಯಂತ್ರ ತೆಗೆದುಕೊಳ್ಳಿ. ಒಂದರಲ್ಲಿ ವಿಂಡೋಸ್ ಮತ್ತು ಗೇಮ್, ಇನ್ನೊಂದರಲ್ಲಿ ಪ್ರಾಜೆಕ್ಟ್.

ಪರದೆ ಆರಿಸುವಾಗ ಹರ್ಟ್ಸ್ ಒಂದನ್ನೇ ನೋಡಬೇಡಿ. ತೋರಿಸಬಲ್ಲ ಬಣ್ಣದ ವ್ಯಾಪ್ತಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಇದ್ದರೆ ಆ ಪರದೆಯನ್ನು ನಂಬಿ ಬಣ್ಣ ಕೂರಿಸಲಾಗದು. ರೇಷ್ಮೆ ಸೀರೆಯ ಕಡುಗೆಂಪು ಅಲ್ಲಿ ಮಂಕಾಗಿ ಕಾಣುತ್ತದೆ ಅಂತ ನೀವು ಏರಿಸಿದರೆ ಮನೆಯವರ ಟಿವಿಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. 100 ಪರ್ಸೆಂಟ್ ಎಸ್‌ಆರ್‌ಜಿಬಿ ಕಡ್ಡಾಯ. ಟಿವಿ ಮತ್ತು ಆನ್‌ಲೈನ್ ವಿಡಿಯೊಗೆ ಬಳಸುವ ರೆಕ್ 709ರ ಬಣ್ಣದ ವ್ಯಾಪ್ತಿ ಅದಕ್ಕೆ ಸಮ.

ಬೆಂಗಳೂರಿನ ಕೋಣೆಯಲ್ಲಿ ಓಡಿಸುವಾಗ

ಕೋಣೆಯ ತಾಪ ಹತ್ತು ಡಿಗ್ರಿ ಹೆಚ್ಚಾದರೆ ಚಿಪ್ ತಾಪವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಡಿಸೆಂಬರ್‌ನಲ್ಲಿ ಸುಮ್ಮನಿದ್ದ ಯಂತ್ರ ಏಪ್ರಿಲ್‌ನಲ್ಲಿ ಶಿಳ್ಳೆ ಹಾಕುವುದು ಇದಕ್ಕೇ. 95–100 ಡಿಗ್ರಿ ಮುಟ್ಟಿದಾಗ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಎಲ್ಲಿ ನೋಡಿದರೂ ಕಟ್ಟಡದ ಕೆಲಸ ನಡೆಯುವ ಬಡಾವಣೆಗಳಲ್ಲಿ ದೂಳು ಫ್ಯಾನಿಗೆ ಬೇಗ ಕಟ್ಟುತ್ತದೆ. ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿಟ್ಟು, ಆಗಾಗ ದೂಳು ತೆಗೆಸುತ್ತಿರಿ.

ಚಾರ್ಜರ್ 230 ವ್ಯಾಟ್‌ಗಿಂತ ಮೇಲಿನದಾದರೆ ಕೆಲವಕ್ಕೆ ದಪ್ಪ ಪಿನ್‌ನ 16 ಆಂಪ್ ಪ್ಲಗ್ ಬರುತ್ತದೆ. ಪಿಜಿ ಕೋಣೆಯಲ್ಲಿ ಅಂಥ ಸಾಕೆಟ್ ಗೀಸರ್ ಪಕ್ಕ ಬಿಟ್ಟು ಬೇರೆಲ್ಲೂ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಕರೆಂಟ್ ಹೋದರೆ ರೆಂಡರ್ ನಿಲ್ಲುವುದಿಲ್ಲ, ಬ್ಯಾಟರಿ ಹಿಡಿದುಕೊಳ್ಳುತ್ತದೆ. ವೇಗ ಮಾತ್ರ ಬಹಳ ಇಳಿಯುತ್ತದೆ, ಏಕೆಂದರೆ ಗ್ರಾಫಿಕ್ಸ್ ಕೇಳುವಷ್ಟು ವ್ಯಾಟ್ ಬ್ಯಾಟರಿಯಿಂದ ಬರುವುದಿಲ್ಲ. ವಿಮಾನದಲ್ಲಿ ಒಯ್ಯಲು ಸಾಮಾನ್ಯ ಮಿತಿ 100 ವ್ಯಾಟ್ ಅವರ್ ಆದ್ದರಿಂದ ದೊಡ್ಡ ಯಂತ್ರಗಳ ಬ್ಯಾಟರಿ 99ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್. ಎಡಿಟಿಂಗ್ ವೃತ್ತಿಗೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡವರು ತಮ್ಮ ನಂಬರ್ ಹಾಕಿಸಿದ ಬಿಲ್ ಪಡೆದರೆ, ನಿಯಮದಂತೆ ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಯಂತ್ರ ಮನೆಗೆ ಬಂದ ಮೊದಲ ದಿನವೇ ನಿಮ್ಮ ಅತಿ ಭಾರದ 4:2:2 ಕ್ಲಿಪ್ ಹಾಕಿ ಡಿಕೋಡ್ ಗ್ರಾಫ್ ನೋಡಿ, ಅರ್ಧ ಗಂಟೆ ಗೇಮ್ ಆಡಿ ಎಚ್‌ಡಬ್ಲ್ಯೂಇನ್ಫೋ ಅನ್ನುವ ಆ್ಯಪ್‌ನಲ್ಲಿ ತಾಪ ಮತ್ತು ವ್ಯಾಟ್ ನೋಡಿ. ಆಮೇಲೆ ಪರದೆ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಮಾಡಿ ಸತ್ತ ಪಿಕ್ಸೆಲ್ ಹುಡುಕಿ. ಎಷ್ಟು ಪಿಕ್ಸೆಲ್ ಸತ್ತಿದ್ದರೆ, ಎಷ್ಟು ದಿನದೊಳಗೆ ಹೇಳಿದರೆ ಯಂತ್ರ ಬದಲಾಯಿಸಿಕೊಡುತ್ತಾರೆ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಬಿಲ್ ಮೇಲೆ ಬರೆಸಿಕೊಳ್ಳಿ.